ಅಭಿಮಾನಿಗಳಿಗೆ ಹೆಸರು ಹಿಡಿದು ಶುಭಾಶಯ: ವೈಯಕ್ತಿಕ ವಿಡಿಯೊ ಸಂದೇಶ ಮಾರುವವರಿಗೆ ಸಮಗ್ರ ಮಾರ್ಗದರ್ಶಿ

ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುವವರು, ಯಕ್ಷಗಾನದ ಹಾಸ್ಯಗಾರರು, ಯೂಟ್ಯೂಬ್‌ನಲ್ಲಿ ಜೋಳದ ರೊಟ್ಟಿ ತಟ್ಟಿ ತೋರಿಸುವವರು, ಇನ್‌ಸ್ಟಾಗ್ರಾಂನಲ್ಲಿ ಧಾರವಾಡದ ಮಾತಿನಲ್ಲಿ ನಗಿಸುವವರು, ಹೀಗೆ ಸ್ವಲ್ಪವಾದರೂ ಹೆಸರು ಮಾಡಿದ ಯಾರ ಇನ್‌ಬಾಕ್ಸ್ ತೆರೆದರೂ ‘ನಮ್ಮ ಅಮ್ಮನಿಗೆ ಒಂದು ವಿಶ್ ಮಾಡ್ತೀರಾ ಮೇಡಂ’ ಎಂಬ ಕೋರಿಕೆ ಕಾಣಸಿಗುತ್ತದೆ. ಹೆಚ್ಚಿನವರು ಮೊದಮೊದಲು ಸಂತೋಷದಿಂದ ಮಾಡಿಕೊಡುತ್ತಾರೆ. ಕೋರಿಕೆಗಳು ಹೆಚ್ಚಿದಂತೆ ಕೆಲವರಿಗೆ ಮಾಡಿ ಕೆಲವರಿಗೆ ಬಿಟ್ಟು, ಬಿಟ್ಟವರಿಂದ ‘ಜಂಬ ಬಂದಿದೆ’ ಎಂಬ ಮಾತು ಕೇಳಿಸಿಕೊಳ್ಳುತ್ತಾರೆ. ಇದಕ್ಕೊಂದು ಬೆಲೆ, ಒಂದು ಗಡುವು, ಒಂದು ಶಿಸ್ತು ಇಟ್ಟುಕೊಂಡರೆ ಎರಡೂ ಕಡೆಯವರಿಗೆ ಅನುಕೂಲ.

ಈ ವ್ಯಾಪಾರಕ್ಕೆ ಜಗತ್ತಿನಲ್ಲಿ ಒಂದು ರೂಪ ಕೊಟ್ಟದ್ದು ಅಮೆರಿಕದ ಶಿಕಾಗೊದಲ್ಲಿ ಹುಟ್ಟಿ 2017ರಲ್ಲಿ ಸೇವೆ ಆರಂಭಿಸಿದ ಕ್ಯಾಮಿಯೊ ಎಂಬ ಕಂಪನಿ. ಕೊರೊನಾ ಕಾಲದಲ್ಲಿ ಜನ ಮನೆಯಲ್ಲೇ ಉಳಿದು, ಚಿತ್ರೀಕರಣಗಳು ನಿಂತಾಗ ಅದು ಒಮ್ಮೆಲೇ ಬೆಳೆಯಿತು; 2021ರಲ್ಲಿ ಅದರ ಮೌಲ್ಯವನ್ನು ಸುಮಾರು 100 ಕೋಟಿ ಡಾಲರ್ ಎಂದು ಹೂಡಿಕೆದಾರರು ಅಂದಾಜಿಸಿದರು, ಮರುವರ್ಷವೇ ಬೇಡಿಕೆ ಕುಸಿದು ಸಿಬ್ಬಂದಿಯನ್ನು ಕಡಿತ ಮಾಡಬೇಕಾಯಿತು. ಭಾರತದಲ್ಲಿ ಟ್ರಿಂಗ್, ಗೋನಟ್ಸ್ ಮುಂತಾದವು 2020ರಲ್ಲಿ ಇದೇ ದಾರಿ ಹಿಡಿದವು. ಈ ಏರಿಳಿತದಿಂದ ಹೊಸಬರು ತಿಳಿಯಬೇಕಾದದ್ದು ಇಷ್ಟು: ಇದನ್ನೇ ನಂಬಿ ಬೇರೆ ಕೆಲಸ ಬಿಡುವಂತಿಲ್ಲ, ಆದರೆ ಅಚ್ಚುಕಟ್ಟಾಗಿ ಮಾಡಿದರೆ ಇದು ಗೌರವದ ಉಪ ಆದಾಯ. ಅಚ್ಚುಕಟ್ಟು ಎಂದರೆ ಹೆಚ್ಚಿನವರು ಕ್ಯಾಮೆರಾ, ಬೆಳಕು ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಕೆಲಸದ ಮುಕ್ಕಾಲು ಪಾಲು ಇರುವುದು ಕ್ಯಾಮೆರಾ ಮುಂದೆ ಕೂರುವ ಮೊದಲು, ಅಂದರೆ ಯಾರಿಗಾಗಿ ಮಾತನಾಡುತ್ತಿದ್ದೇವೆ ಎಂಬುದನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳುವುದರಲ್ಲಿ.

ಹಂತ 1: ಬೇಡಿಕೆ ಇದೆಯೇ, ಒಪ್ಪಂದ ಬಿಡುತ್ತದೆಯೇ ನೋಡಿಕೊಳ್ಳಿ

ಫಾಲೋವರ್‌ಗಳ ಸಂಖ್ಯೆ ಇಲ್ಲಿ ಅಷ್ಟು ಮುಖ್ಯವಲ್ಲ. ಐದು ಲಕ್ಷ ಜನ ಹಿಂಬಾಲಿಸುವ ಹಾಸ್ಯ ಪುಟವೊಂದರ ಹಿಂದಿನ ಮುಖ ಯಾರಿಗೂ ಗೊತ್ತಿಲ್ಲದಿದ್ದರೆ ಆ ಮುಖದ ಶುಭಾಶಯವನ್ನು ಯಾರೂ ಕೊಳ್ಳುವುದಿಲ್ಲ. ಇಪ್ಪತ್ತು ಸಾವಿರ ಜನರಷ್ಟೇ ನೋಡುವ ಅಡುಗೆ ಚಾನೆಲ್‌ನ ಅಜ್ಜಿಯನ್ನು ನೋಡುಗರು ಸ್ವಂತ ಅಜ್ಜಿಯಂತೆ ಕಂಡರೆ ಅವರ ಒಂದು ಹಾರೈಕೆಗೆ ಬೆಲೆ ಇದೆ. ಕಳೆದ ಎರಡು ಮೂರು ತಿಂಗಳಲ್ಲಿ ಕಾಮೆಂಟಿನಲ್ಲೂ ಇನ್‌ಬಾಕ್ಸಿನಲ್ಲೂ ಶುಭಾಶಯ ಕೇಳಿದವರನ್ನು ಎಣಿಸಿ ನೋಡಿ. ಯಾರೂ ಕೇಳಿಲ್ಲವಾದರೆ ಬೆಲೆಪಟ್ಟಿ ಹಾಕಲು ಇನ್ನೂ ಕಾಲ ಬಂದಿಲ್ಲ.

ಕಿರುತೆರೆಯಲ್ಲಿ ದುಡಿಯುವವರು ಮತ್ತೊಂದನ್ನು ಮೊದಲೇ ನೋಡಿಕೊಳ್ಳಬೇಕು. ಚಾನೆಲ್ ಅಥವಾ ನಿರ್ಮಾಣ ಸಂಸ್ಥೆಯೊಂದಿಗೆ ಸಹಿ ಮಾಡಿದ ಒಪ್ಪಂದದಲ್ಲಿ ಬೇರೆ ವೇದಿಕೆಗಳಲ್ಲಿ ಹಣ ಪಡೆದು ಕಾಣಿಸಿಕೊಳ್ಳುವುದಕ್ಕೆ ನಿರ್ಬಂಧವಿರಬಹುದು. ನಿರ್ಬಂಧ ಇಲ್ಲದಿದ್ದರೂ ಪಾತ್ರದ ಹೆಸರು, ವೇಷಭೂಷಣ, ಧಾರಾವಾಹಿಯ ಲಾಂಛನ ಮತ್ತು ಶೀರ್ಷಿಕೆ ಗೀತೆ ನಿಮ್ಮ ಸ್ವತ್ತಲ್ಲ. ‘ನಾನು ನನ್ನ ಹೆಸರಿನಲ್ಲಿ, ನನ್ನ ಉಡುಪಿನಲ್ಲಿ, ನನ್ನ ಮನೆಯಿಂದ ಅಭಿಮಾನಿಗಳಿಗೆ ಶುಭಾಶಯದ ವಿಡಿಯೊ ಮಾಡಿಕೊಡುತ್ತೇನೆ’ ಎಂದು ನಿರ್ಮಾಣ ಸಂಸ್ಥೆಗೆ ಒಂದು ಇಮೇಲ್ ಬರೆದು ಒಪ್ಪಿಗೆಯ ಉತ್ತರವನ್ನು ಉಳಿಸಿಕೊಳ್ಳಿ. ಸೆಟ್‌ನಲ್ಲಿ ಬಾಯಿಮಾತಿನಲ್ಲಿ ಕೇಳಿದ ‘ಮಾಡ್ಕೊಳ್ಳಿ ಮೇಡಂ, ಏನಾಗಲ್ಲ’ ಎಂಬುದು ಒಪ್ಪಿಗೆ ಎನಿಸುವುದಿಲ್ಲ.

ಹಂತ 2: ವೇದಿಕೆಯೋ, ಸ್ವಂತ ವ್ಯವಸ್ಥೆಯೋ ತೀರ್ಮಾನಿಸಿ

ಎರಡು ದಾರಿಗಳಿವೆ. ಮೊದಲನೆಯದು ಕ್ಯಾಮಿಯೊದಂಥ ಆನ್‌ಲೈನ್ ವೇದಿಕೆಯಲ್ಲಿ ಪುಟ ತೆರೆಯುವುದು. ಹಣ ವಸೂಲಿ, ಆರ್ಡರ್ ನಮೂನೆ, ಗಡುವು, ಮರುಪಾವತಿ ಎಲ್ಲವನ್ನೂ ವೇದಿಕೆಯೇ ನೋಡಿಕೊಳ್ಳುತ್ತದೆ. ಪ್ರತಿಯಾಗಿ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಕ್ಯಾಮಿಯೊದಲ್ಲಿ ಆರ್ಡರ್ ಮೊತ್ತದ ಶೇ 75 ಕಲಾವಿದರಿಗೆ, ಶೇ 25 ಕಂಪನಿಗೆ. ಅಲ್ಲಿ ಸಾಮಾನ್ಯ ಗಡುವು ಏಳು ದಿನ. ಅಷ್ಟರೊಳಗೆ ವಿಡಿಯೊ ಬರದಿದ್ದರೆ ಗಿರಾಕಿಯ ಹಣ ವಾಪಸು. ಭಾರತೀಯ ವೇದಿಕೆಗಳ ಪಾಲು ಕಲಾವಿದರಿಂದ ಕಲಾವಿದರಿಗೆ, ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗಬಹುದಾದ್ದರಿಂದ ಸಹಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ನಾನು ಹೇಳಿದ ಬೆಲೆಯ ಮೇಲೆ ನೀವು ಗಿರಾಕಿಗೆ ಎಷ್ಟು ಸೇರಿಸುತ್ತೀರಿ, ಹಣ ಎಷ್ಟು ದಿನಕ್ಕೆ ನನ್ನ ಖಾತೆಗೆ ಬರುತ್ತದೆ, ಬೇರೆ ಕಡೆ ಮಾರಬಾರದೆಂಬ ಷರತ್ತು ಇದೆಯೇ. ಮೂರನೆಯದಕ್ಕೆ ‘ಇದೆ’ ಎಂದು ಉತ್ತರ ಬಂದರೆ ಬಹಳ ಯೋಚಿಸಿ ಒಪ್ಪಿ, ಏಕೆಂದರೆ ಕನ್ನಡದ ಗಿರಾಕಿಗಳಲ್ಲಿ ಹೆಚ್ಚಿನವರು ಆ ವೇದಿಕೆಗಳನ್ನು ಹುಡುಕಿಕೊಂಡು ಹೋಗುವುದಿಲ್ಲ, ನೇರವಾಗಿ ನಿಮ್ಮ ಇನ್‌ಸ್ಟಾಗ್ರಾಂಗೇ ಬರುತ್ತಾರೆ.

ಆ ಕಾರಣಕ್ಕಾಗಿಯೇ ಎರಡನೆಯ ದಾರಿಯನ್ನು ನಾನು ಹೆಚ್ಚು ಒಪ್ಪುತ್ತೇನೆ. ವಾಟ್ಸ್ಆ್ಯಪ್ ಬಿಸಿನೆಸ್ ಖಾತೆಯೊಂದನ್ನು ಮನೆಯ ಸಂಖ್ಯೆಗಿಂತ ಬೇರೆಯದಾದ ಸಿಮ್‌ನಲ್ಲಿ ತೆರೆಯಿರಿ. ಅದರ ಕ್ಯಾಟಲಾಗ್‌ನಲ್ಲಿ ಸೇವೆ ಮತ್ತು ಬೆಲೆಯನ್ನು, ಕ್ವಿಕ್ ರಿಪ್ಲೈಯಲ್ಲಿ ನಿಯಮಗಳನ್ನು, ಲೇಬಲ್‌ಗಳಲ್ಲಿ ‘ವಿವರ ಬಾಕಿ’, ‘ಹಣ ಬಂದಿದೆ’, ‘ಕಳಿಸಿದೆ’ ಎಂಬ ಸ್ಥಿತಿಗಳನ್ನು ಇಟ್ಟುಕೊಂಡರೆ ಅರ್ಧ ಕಚೇರಿ ಅಲ್ಲೇ ಸಿದ್ಧವಾಗುತ್ತದೆ. ಹಣಕ್ಕೆ ಬೆಂಗಳೂರಿನವೇ ಆದ ರೇಜರ್‌ಪೇ ಅಥವಾ ಇನ್‌ಸ್ಟಾಮೋಜೊದಂಥ ಸಂಸ್ಥೆಗಳ ಪೇಮೆಂಟ್ ಲಿಂಕ್ ಬಳಸಬಹುದು. ನೇರ ಯುಪಿಐ ಪಡೆಯುವುದಾದರೆ ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಿ ಕೆಲಸ ಆರಂಭಿಸಬೇಡಿ. ನಕಲಿ ಸ್ಕ್ರೀನ್‌ಶಾಟ್ ತಯಾರಿಸುವುದು ಎರಡು ನಿಮಿಷದ ಕೆಲಸ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಮೊತ್ತ ಕಂಡ ಮೇಲೆಯೇ ಆರ್ಡರ್ ಖಚಿತ ಎಂದು ತಿಳಿಸಿ. ಹೊರದೇಶದ ಕನ್ನಡಿಗರಿಂದ ಹಣ ಪಡೆಯಲು ಪೇಪಾಲ್ ಇದೆ; ಅದು 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದ್ದರೂ ಹೊರಗಿನಿಂದ ಬರುವ ಹಣಕ್ಕೆ ಕೆಲಸ ಮಾಡುತ್ತದೆ.

ಆರ್ಡರ್ ಪಡೆಯುವ ಕೊಂಡಿ ಒಂದೇ ಇರಲಿ, ಅದು ಬಯೋದಲ್ಲಿ ಇರಲಿ, ಮತ್ತು ‘ಇದನ್ನು ಬಿಟ್ಟು ಬೇರೆ ಯಾವ ಸಂಖ್ಯೆಯೂ ನನ್ನದಲ್ಲ’ ಎಂಬ ಪೋಸ್ಟ್ ಒಂದು ಸದಾ ಮೇಲೆ ಪಿನ್ ಆಗಿರಲಿ. ಜನಪ್ರಿಯ ಮುಖಗಳ ಹೆಸರಿನಲ್ಲಿ ನಕಲಿ ಖಾತೆ ತೆರೆದು ಮುಂಗಡ ಹಣ ಪಡೆದು ಮಾಯವಾಗುವವರಿದ್ದಾರೆ. ಮೋಸ ಹೋದ ಅಭಿಮಾನಿ ಶಪಿಸುವುದು ನಿಮ್ಮನ್ನೇ.

ಹಂತ 3: ಬೆಲೆ ಕಟ್ಟಿ

ಬೆಲೆ ಹೇಳುವಾಗ ನಮ್ಮವರಿಗೆ ಬರುವ ಸಂಕೋಚ ವಿಚಿತ್ರವಾದದ್ದು. ವೇದಿಕೆಯ ಮೇಲೆ ಒಂದು ಸಂಜೆಗೆ ಸಂಭಾವನೆ ಕೇಳುವವರು ಕೂಡ ವಿಡಿಯೊ ಎಂದರೆ ‘ಒಂದು ನಿಮಿಷದ್ದು ತಾನೇ’ ಎನ್ನುತ್ತಾರೆ. ಒಂದು ನಿಮಿಷದ ವಿಡಿಯೊ ಒಂದು ನಿಮಿಷದಲ್ಲಿ ಆಗುವುದಿಲ್ಲ: ಕೋರಿಕೆ ಓದುವುದು, ಹೆಸರು ಖಚಿತಪಡಿಸಿಕೊಳ್ಳುವುದು, ಮಾತು ಹೊಂದಿಸುವುದು, ಎರಡು ಮೂರು ಸಲ ಹೇಳುವುದು, ನೋಡಿ ಕಳಿಸುವುದು ಸೇರಿದರೆ ಇಪ್ಪತ್ತು ನಿಮಿಷವಾದರೂ ಬೇಕು. ಒಂದು ಗಂಟೆಗೆ ಮೂರು ವಿಡಿಯೊ ಎಂದಿಟ್ಟುಕೊಂಡು, ನಿಮ್ಮ ಒಂದು ಗಂಟೆಗೆ ಎಷ್ಟು ಬರಬೇಕೆಂದು ನೀವೇ ನಿರ್ಧರಿಸಿ ಹಿಂದಕ್ಕೆ ಲೆಕ್ಕ ಹಾಕಿ.

ಬೆಲೆ 800 ರೂಪಾಯಿ ಎಂದುಕೊಳ್ಳೋಣ. ಶೇ 25 ಹಿಡಿಯುವ ವೇದಿಕೆಯಲ್ಲಿ ನಿಮಗೆ ಉಳಿಯುವುದು 600. ಶೇ 2 ಶುಲ್ಕ ಮತ್ತು ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಹಿಡಿಯುವ ಪೇಮೆಂಟ್ ಲಿಂಕ್‌ನಲ್ಲಿ ಹೋಗುವುದು 18 ರೂಪಾಯಿ 88 ಪೈಸೆ, ಉಳಿಯುವುದು 781ಕ್ಕೆ ಸ್ವಲ್ಪ ಮೇಲೆ. ಈ 181 ರೂಪಾಯಿ ವ್ಯತ್ಯಾಸ ಪುಕ್ಕಟೆಯಾಗಿ ಬಂದದ್ದಲ್ಲ, ಗಿರಾಕಿಯೊಂದಿಗೆ ಮಾತನಾಡುವ, ಹಣ ವಾಪಸು ಕೊಡುವ, ಜಗಳ ಬಗೆಹರಿಸುವ ಕೆಲಸಕ್ಕೆ ನೀವೇ ಪಡೆದುಕೊಳ್ಳುವ ಕೂಲಿ.

ಆರಂಭದ ಬೆಲೆ ಸಾಧಾರಣವಾಗಿರಲಿ. ವಾರಕ್ಕೆ ನೀವು ಮಾಡಬಲ್ಲದ್ದಕ್ಕಿಂತ ಹೆಚ್ಚು ಆರ್ಡರ್ ಬರತೊಡಗಿದಾಗ ಏರಿಸಿ. ಏರಿಸಿದ ಮೇಲೆ ಹಳೆಯ ಬೆಲೆಗೆ ಯಾರಿಗೂ ಗುಟ್ಟಾಗಿ ಕೊಡಬೇಡಿ. 24 ಗಂಟೆಯೊಳಗೆ ಬೇಕೆನ್ನುವವರಿಗೆ ಬೇರೆ ದರ, ಒಂದೂವರೆ ನಿಮಿಷಕ್ಕಿಂತ ಉದ್ದ ಬೇಕೆನ್ನುವವರಿಗೆ ಬೇರೆ ದರ, ಅಂಗಡಿ ಅಥವಾ ಕಂಪನಿಗಳಿಗೆ ಸಂಪೂರ್ಣ ಬೇರೆಯೇ ದರ. ಹಾಡಿ ಕೊಡುವ ಗಾಯಕರು ಹಾಡಿಗೆ ಪ್ರತ್ಯೇಕ ದರ ಇಡುವುದು ನ್ಯಾಯ. ಹಾಡನ್ನು ಹಾಡುವುದು ನೀವೇ ಆದರೂ ಚಲನಚಿತ್ರ ಗೀತೆಯ ಹಕ್ಕು ಆಡಿಯೊ ಕಂಪನಿಯದು ಆಗಿರುವ ಸಾಧ್ಯತೆ ಹೆಚ್ಚು. ಹಣಕ್ಕೆ ಮಾರುವ ವಿಡಿಯೊದಲ್ಲಿ ಜನಪದ ತ್ರಿಪದಿ, ಸೋಬಾನೆಯ ಸಾಲು ಅಥವಾ ಸ್ವಂತ ರಚನೆ ಬಳಸುವುದು ಕ್ಷೇಮ. ರಿಯಾಲಿಟಿ ಶೋನಿಂದ ಹೊರಬಂದವರಿಗೆ ಒಂದು ಮಾತು: ಶೋ ಮುಗಿದ ಮೊದಲ ವಾರಗಳ ಬೇಡಿಕೆ ವರ್ಷವಿಡೀ ಇರುವುದಿಲ್ಲ, ಆ ವಾರಗಳ ಬೆಲೆಯನ್ನು ವರ್ಷವಿಡೀ ಹಿಡಿದುಕೊಂಡು ಕೂತರೆ ಆರ್ಡರ್ ಬರುವುದೇ ನಿಲ್ಲುತ್ತದೆ.

ಹಂತ 4: ವಿವರ ಕೇಳಿ ಪಡೆಯಿರಿ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಗಿರಾಕಿ ಬರೆದು ಕಳಿಸುವುದು ಸಾಮಾನ್ಯವಾಗಿ ಇಷ್ಟೇ: ‘ನಮ್ಮ ಅಮ್ಮನಿಗೆ 60 ವರ್ಷ, ನಿಮ್ಮ ದೊಡ್ಡ ಫ್ಯಾನ್, ವಿಶ್ ಮಾಡಿ.’ ಇದನ್ನೇ ಇಟ್ಟುಕೊಂಡು ಮಾತನಾಡಿದರೆ ಹೊರಬರುವುದು ಯಾರಿಗಾದರೂ ಹೊಂದುವ, ಹಾಗಾಗಿ ಯಾರಿಗೂ ಮುಟ್ಟದ ಒಂದು ವಿಡಿಯೊ. ಈ ಕೆಳಗಿನವನ್ನು ಒಂದು ಗೂಗಲ್ ಫಾರ್ಮ್‌ನಲ್ಲಿ ಹಾಕಿ, ತುಂಬಿದ ಮೇಲೆಯೇ ಗಡುವು ಶುರುವಾಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ.

ಮೊದಲನೆಯದು ಹೆಸರು. ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಲು ಹೇಳಿ, ಅದರ ಜೊತೆಗೆ ಐದು ಸೆಕೆಂಡಿನ ವಾಯ್ಸ್ ನೋಟ್ ಕಳಿಸಲು ಹೇಳಿ. ಇಂಗ್ಲಿಷ್ ಅಕ್ಷರದಲ್ಲಿ ಬಂದ ಹೆಸರಿನಲ್ಲಿ ಲಕಾರವೋ ಳಕಾರವೋ, ನಕಾರವೋ ಣಕಾರವೋ, ಹ್ರಸ್ವವೋ ದೀರ್ಘವೋ ತಿಳಿಯುವುದಿಲ್ಲ. ನಳಿನಿ ನಲಿನಿಯಾಗುತ್ತಾರೆ, ಮೃಣಾಲಿನಿ ಮೃನಾಳಿನಿಯಾಗುತ್ತಾರೆ. ತನ್ನ ಹೆಸರನ್ನು ತಪ್ಪಾಗಿ ಕರೆದ ವಿಡಿಯೊವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ, ಕುಟುಂಬದ ಗ್ರೂಪಿಗೆ ಹಾಕುವುದೂ ಇಲ್ಲ. ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೆ ಅದನ್ನೂ ಕೇಳಿ, ಆದರೆ ಅದನ್ನು ಬಳಸಬಹುದೇ ಎಂದು ಕೇಳುವುದನ್ನು ಮರೆಯಬೇಡಿ. ಪುಟ್ಟಿ, ಗುಂಡ ಎಂಬುವು ಕೆಲವರಿಗೆ ಮುದ್ದು, ಕಚೇರಿಯವರ ಎದುರಿಗೆ ಮುಜುಗರ.

ಎರಡನೆಯದು ಸಂಬಂಧ ಮತ್ತು ಸಂಬೋಧನೆ. ಆರ್ಡರ್ ಕೊಟ್ಟವರು ಯಾರು, ಪಡೆಯುವವರು ಅವರಿಗೆ ಏನಾಗಬೇಕು, ಇಬ್ಬರಲ್ಲಿ ನೀವು ಯಾರನ್ನು ಏಕವಚನದಲ್ಲಿ, ಯಾರನ್ನು ಬಹುವಚನದಲ್ಲಿ ಕರೆಯಬೇಕು. ಹತ್ತು ವರ್ಷದ ಹುಡುಗನಿಗೆ ‘ತಾವು’ ಎಂದರೆ ನಗು ಬರುತ್ತದೆ, ಅರವತ್ತರ ಗೃಹಿಣಿಗೆ ಮೊದಲ ಮಾತಿನಲ್ಲೇ ‘ಆಂಟಿ’ ಎಂದರೆ ಬೇಸರ ಬರಬಹುದು. ಹುಬ್ಬಳ್ಳಿ, ಕಲಬುರಗಿ ಕಡೆಯವರು ‘ಅಕ್ಕಾರ’, ‘ಅವ್ವಾರ’ ಎಂಬ ಕರೆಗೆ ಕರಗುತ್ತಾರೆ. ಆದರೆ ಆ ಸೀಮೆಯ ಮಾತು ನಿಮಗೆ ಸಹಜವಾಗಿ ಬಾರದಿದ್ದರೆ ಅನುಕರಿಸಲು ಹೋಗಬೇಡಿ, ಅಣಕಿಸಿದಂತೆ ಕೇಳಿಸುತ್ತದೆ.

ಮೂರನೆಯದು ಸಂದರ್ಭ ಮತ್ತು ದಿನಾಂಕ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯಲು ಹೇಳಿ, ಏಕೆಂದರೆ ಅಮೆರಿಕದಲ್ಲಿ ನೆಲೆಸಿದವರು ತಿಂಗಳನ್ನು ಮೊದಲು ಬರೆಯುವ ರೂಢಿಯವರು. ಅವರ 5/6 ಮೇ ಆರನೇ ತಾರೀಕು, ನಮ್ಮದು ಜೂನ್ ಐದು. ಯಾವ ಊರಿನ ಸಮಯಕ್ಕೆ ತಲುಪಬೇಕೆಂಬುದನ್ನೂ ಕೇಳಿ: ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಕೆಲವು ಮನೆಗಳಲ್ಲಿ ಹಿರಿಯರ ಹುಟ್ಟುಹಬ್ಬವನ್ನು ನಕ್ಷತ್ರದ ಪ್ರಕಾರ ಆಚರಿಸುತ್ತಾರೆ, ಷಷ್ಟ್ಯಬ್ದಿಯೆಂದರೆ ಅರವತ್ತು ತುಂಬಿದ ಮೇಲಿನ ಕಾರ್ಯ. ಹಾಗಾಗಿ ‘ಯಾವ ದಿನ’ ಎಂಬುದನ್ನು ಊಹಿಸಬೇಡಿ. ವಯಸ್ಸನ್ನು ಬಾಯಿಬಿಟ್ಟು ಹೇಳಬಹುದೇ ಎಂದೂ ಕೇಳಿ.

ನಾಲ್ಕನೆಯದು, ಎಲ್ಲಕ್ಕಿಂತ ಫಲ ಕೊಡುವ ಪ್ರಶ್ನೆ: ‘ಅವರು ನನ್ನ ಕಾರ್ಯಕ್ರಮವನ್ನು ಯಾವಾಗ, ಎಲ್ಲಿ ಕೂತು, ಯಾರ ಜೊತೆ ನೋಡುತ್ತಾರೆ, ನೋಡುವಾಗ ಏನು ಹೇಳುತ್ತಾರೆ?’ ‘ಅವರ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು, ಎಲ್ಲರಿಗೂ ಸಹಾಯ ಮಾಡುತ್ತಾರೆ’ ಎಂಬ ಉತ್ತರ ಬರುತ್ತದೆ. ಈ ಪ್ರಶ್ನೆಗೆ ಮಾತ್ರ ಆ ಮನೆಯ ನಡುಮನೆಯೇ ಉತ್ತರವಾಗಿ ಬರುತ್ತದೆ.

ಕೊನೆಯದಾಗಿ, ಏನನ್ನು ಹೇಳಬಾರದು ಎಂದು ಕೇಳಿ. ಇತ್ತೀಚೆಗೆ ತೀರಿಕೊಂಡವರಿದ್ದಾರೆಯೇ, ಮುರಿದ ಸಂಬಂಧವಿದೆಯೇ, ಕಾಯಿಲೆಯ ವಿಷಯವನ್ನು ಮನೆಯವರೇ ಮುಚ್ಚಿಟ್ಟಿದ್ದಾರೆಯೇ. ‘ನಿಮ್ಮ ಯಜಮಾನರಿಗೂ ನಮಸ್ಕಾರ’ ಎಂದು ಹೇಳಿದ ಮೇಲೆ ಅವರಿಲ್ಲವೆಂದು ತಿಳಿಯುವುದು ಯಾರಿಗೂ ಬೇಡದ ಪ್ರಸಂಗ.

ಹಂತ 5: ಮಾತು ಕಟ್ಟಿ

ಬರೆದುಕೊಂಡು ಓದಬೇಡಿ, ಕಣ್ಣು ಸಾಲಿನಿಂದ ಸಾಲಿಗೆ ಓಡುವುದು ಫೋನಿನ ಪರದೆಯಲ್ಲೂ ಗೊತ್ತಾಗುತ್ತದೆ. ಮೂರು ಪದಗಳನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾದ ಪಕ್ಕ ಅಂಟಿಸಿಕೊಂಡರೆ ಸಾಕು. ನೀವು ಧಾರಾವಾಹಿಯ ಗಯ್ಯಾಳಿ ಅತ್ತೆ, ಅಮೆರಿಕದಲ್ಲಿರುವ ಮಗ ತಿಪಟೂರಿನಲ್ಲಿರುವ ತಾಯಿ ನಳಿನಿಯವರಿಗಾಗಿ ಕೇಳಿದ್ದಾರೆ, ನಾಲ್ಕನೆಯ ಪ್ರಶ್ನೆಗೆ ‘ಜಾಹೀರಾತು ಬಂದಾಗ ಅಡುಗೆಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕುತ್ತಾರೆ, ಅಲ್ಲಿಂದಲೇ ಆ ಹೆಂಗಸು ಏನು ಮಾಡಿದಳು ಎಂದು ಕೂಗಿ ಕೇಳುತ್ತಾರೆ’ ಎಂದು ಉತ್ತರ ಬಂದಿದೆ ಎಂದು ಭಾವಿಸಿ. ಚೀಟಿಯಲ್ಲಿ ಬರೆಯಬೇಕಾದದ್ದು ನಳಿನಿ, ಹೆಪ್ಪು, ಅರವತ್ತು. ಹೇಳಬೇಕಾದದ್ದು ಹೆಚ್ಚುಕಡಿಮೆ ಹೀಗೆ:

‘ನಳಿನಿಯವರೇ, ನಮಸ್ಕಾರ. ತಿಪಟೂರಿನಲ್ಲಿ ಕೂತು ದಿನಾ ರಾತ್ರಿ ನನ್ನನ್ನು ಬೈಯೋರು ನೀವೇ ತಾನೇ? ನಿಮ್ಮ ಮಗ ಎಲ್ಲಾ ಹೇಳಿದ್ದಾರೆ. ಹಾಲಿಗೆ ಹೆಪ್ಪು ಹಾಕೋಕೆ ಹೋದಾಗಲೂ ನನ್ನ ಮೇಲೆ ಒಂದು ಕಣ್ಣಿಟ್ಟಿರ್ತೀರಂತೆ. ಇವತ್ತು ನಿಮಗೆ ಅರವತ್ತು ತುಂಬಿದ ದಿನ. ಇವತ್ತೊಂದು ದಿನ ಸೊಸೆ ತಂಟೆಗೆ ಹೋಗಲ್ಲ, ಮಾತು ಕೊಡ್ತೀನಿ, ನೀವು ನೆಮ್ಮದಿಯಾಗಿ ಹೆಪ್ಪು ಹಾಕಿ ಬನ್ನಿ. ನೂರು ಕಾಲ ಚೆನ್ನಾಗಿರಿ. ಮಗ ಬರೋ ತಿಂಗಳು ಬರ್ತಾರಂತೆ, ಆಗ ಅವರಿಗೂ ಸ್ವಲ್ಪ ಬೈಯಿರಿ.’

ನಲವತ್ತು ಸೆಕೆಂಡಿನಷ್ಟಾಗುವ ಈ ಮಾತಿನಲ್ಲಿ ಪಾತ್ರದ ಹೆಸರಿಲ್ಲ, ಧಾರಾವಾಹಿಯ ಹೆಸರಿಲ್ಲ, ಸಂಭಾಷಣೆಯ ಸಾಲಿಲ್ಲ. ಆದರೂ ಯಾರು ಯಾರಿಗೆ ಹೇಳುತ್ತಿದ್ದಾರೆಂದು ಆ ಮನೆಯ ಎಲ್ಲರಿಗೂ ಗೊತ್ತಾಗುತ್ತದೆ. ಹೆಸರು ಮೊದಲ ಐದು ಸೆಕೆಂಡಿನಲ್ಲೇ ಬರಲಿ, ಮಧ್ಯೆ ಮತ್ತೊಮ್ಮೆ ಬಂದರೂ ತಪ್ಪಿಲ್ಲ. ಗಿರಾಕಿಯ ಹೆಸರನ್ನಾಗಲಿ ಸಂಬಂಧವನ್ನಾಗಲಿ ಒಮ್ಮೆ ಹೇಳಲೇಬೇಕು. ಹಣ ಕೊಟ್ಟವರು ಅವರು, ಉಡುಗೊರೆಯೂ ಅವರದೇ.

ಹಂತ 6: ಚಿತ್ರೀಕರಿಸಿ

ಫೋನನ್ನು ನಿಲ್ಲಿಸಿಯೇ ಹಿಡಿಯಿರಿ, ನೋಡುವವರು ವಾಟ್ಸ್ಆ್ಯಪ್‌ನಲ್ಲಿ ಹಾಗೆಯೇ ನೋಡುತ್ತಾರೆ. 1080ಪಿ ಸಾಕು, 4ಕೆ ಕಡತಗಳು ದೊಡ್ಡದಾಗಿ ಕಳಿಸುವಾಗ ತೊಂದರೆ ಕೊಡುತ್ತವೆಯೇ ಹೊರತು ಆರು ಇಂಚಿನ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿನ ಮಟ್ಟಕ್ಕೆ ಟ್ರೈಪಾಡ್, ಮುಖದ ಎದುರಿಗೆ ಕಿಟಕಿ, ಹಿಂದೆ ಸರಳವಾದ ಗೋಡೆ, ಇಷ್ಟರಲ್ಲಿ ಹಗಲಿನ ಕೆಲಸ ಮುಗಿಯುತ್ತದೆ. ರಾತ್ರಿ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರಿಸಿದಾಗ ಪರದೆಯ ಮೇಲೆ ಪಟ್ಟೆಗಳು ಓಡುವಂತೆ, ಬೆಳಕು ಮಿಣುಕಿದಂತೆ ಕಾಣುವುದುಂಟು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್, ಫೋನು ಸೆಕೆಂಡಿಗೆ 30 ಚೌಕಟ್ಟುಗಳನ್ನು ಹಿಡಿಯುತ್ತದೆ, ಎರಡರ ಲೆಕ್ಕ ಹೊಂದುವುದಿಲ್ಲ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಮಾದರಿಗಳನ್ನು ತೋರಿಸುವ ಆಯ್ಕೆ (Show PAL Formats) ಒತ್ತಿ ಸೆಕೆಂಡಿಗೆ 25 ಚೌಕಟ್ಟನ್ನು ಆರಿಸಿಕೊಳ್ಳಿ. ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ ಪ್ರೊ ಮೋಡ್ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿ.

ಹಣ ಖರ್ಚು ಮಾಡುವುದಾದರೆ ಕಾಲರ್ ಮೈಕಿಗೆ ಮಾಡಿ. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಕಿವಿ ಸರಿಯಾಗಿ ಕೇಳಿಸದ ಅಜ್ಜಿಗೆ ಮಾತು ಅರ್ಥವಾಗದಿದ್ದರೆ ವಿಡಿಯೊ ಇದ್ದೂ ಇಲ್ಲ. ಫ್ಯಾನ್ ಆರಿಸಿ, ಕುಕ್ಕರ್ ಕೂಗುವ ಹೊತ್ತನ್ನು ತಪ್ಪಿಸಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ.

ಐದಾರು ಆರ್ಡರ್‌ಗಳನ್ನು ಒಂದೇ ಕೂರಿಕೆಯಲ್ಲಿ ಮುಗಿಸುವುದು ಲಾಭದಾಯಕ, ಹತ್ತು ದಾಟಿದರೆ ಮುಖದಲ್ಲಿ ದಣಿವು ಕಾಣುತ್ತದೆ. ಉಡುಪನ್ನೋ ಕೂರುವ ಜಾಗವನ್ನೋ ನಡುವೆ ಒಮ್ಮೆ ಬದಲಿಸಿ, ಏಕೆಂದರೆ ಅಭಿಮಾನಿಗಳು ಒಬ್ಬರಿಗೊಬ್ಬರು ವಿಡಿಯೊ ತೋರಿಸಿಕೊಳ್ಳುತ್ತಾರೆ. ಪ್ರತಿ ವಿಡಿಯೊ ಮುಗಿದ ತಕ್ಷಣ ಪೂರ್ತಿ ನೋಡಿ. ಒಬ್ಬರ ವಿಡಿಯೊ ಇನ್ನೊಬ್ಬರಿಗೆ ಹೋಗುವ ಅನಾಹುತ ತಪ್ಪಿಸಲು ಕಡತಕ್ಕೆ ಆರ್ಡರ್ ಸಂಖ್ಯೆ ಮತ್ತು ಹೆಸರನ್ನು ಆಗಲೇ ಇಡಿ.

ಹಂತ 7: ತಲುಪಿಸಿ

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಒತ್ತಿ ಕುಗ್ಗಿಸಲ್ಪಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. ಡಾಕ್ಯುಮೆಂಟ್ ತೆರೆಯಲು ತಿಳಿಯದವರಿಗಾಗಿ ಎರಡನ್ನೂ ಕಳಿಸುವುದು ಜಾಣತನ. ಸಂದರ್ಭಕ್ಕೆ ಒಂದು ದಿನ ಮೊದಲೇ ತಲುಪಿಸಿ, ತಪ್ಪಿದ್ದರೆ ತಿದ್ದಲು ಸಮಯವಿರುತ್ತದೆ. ನಿಯಮ ಹೀಗಿರಲಿ: ಹೆಸರು, ಸಂದರ್ಭ ಅಥವಾ ಕೊಟ್ಟ ವಿವರವನ್ನು ನೀವು ತಪ್ಪಾಗಿ ಹೇಳಿದ್ದರೆ ಮತ್ತೊಮ್ಮೆ ಉಚಿತ, ಗಿರಾಕಿಯೇ ತಪ್ಪು ವಿವರ ಕೊಟ್ಟಿದ್ದರೆ ಅರ್ಧ ದರ, ‘ಇನ್ನೂ ಸ್ವಲ್ಪ ಜೋಶ್ ಇರಬೇಕಿತ್ತು’ ಎಂಬ ದೂರಿಗೆ ಮರುಚಿತ್ರೀಕರಣವಿಲ್ಲ, ಗಡುವು ನಿಮ್ಮಿಂದ ತಪ್ಪಿದರೆ ಪೂರ್ಣ ಹಣ ವಾಪಸು, ಚರ್ಚೆಯಿಲ್ಲ. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ದಿನಗಳಲ್ಲಿ ಆರ್ಡರ್ ಪುಟವನ್ನೇ ಮುಚ್ಚಿ. ನವೆಂಬರ್ ತಿಂಗಳಿಡೀ ರಾಜ್ಯೋತ್ಸವಕ್ಕಾಗಿ ಹೊರರಾಜ್ಯ, ಹೊರದೇಶದ ಕನ್ನಡ ಸಂಘಗಳು ಕೇಳುತ್ತವೆ, ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ವಾರದಲ್ಲಿ ತಂದೆತಾಯಿಗಳು ಕೇಳುತ್ತಾರೆ. ಆ ದಿನಗಳಿಗೆ ಬಿಡುವು ಉಳಿಸಿಕೊಳ್ಳಿ.

ಮಾರಿದ ವಿಡಿಯೊವನ್ನು ನಿಮ್ಮ ಪುಟದಲ್ಲಿ ಹಾಕಿಕೊಳ್ಳಲು ಕೊಂಡವರ ಮತ್ತು ಪಡೆದವರ ಒಪ್ಪಿಗೆ ಬೇಕು, ಮಕ್ಕಳ ವಿಷಯದಲ್ಲಿ ಪೋಷಕರದ್ದು. ಹೊಸ ಗಿರಾಕಿಗಳನ್ನು ಕರೆತರುವುದು ನಿಮ್ಮ ಜಾಹೀರಾತಿಗಿಂತ ಹೆಚ್ಚಾಗಿ, ಆ ವಿಡಿಯೊ ನೋಡುತ್ತಿರುವ ಅಮ್ಮನ ಮುಖವನ್ನು ಮಗ ಸೆರೆಹಿಡಿದು ಹಾಕುವ ರೀಲ್. ಅದನ್ನು ಕಳಿಸುವಂತೆ ವಿನಯದಿಂದ ಕೇಳಿ, ಒತ್ತಾಯಿಸಬೇಡಿ.

ಹಂತ 8: ಯಾವುದಕ್ಕೆ ಒಪ್ಪಬಾರದೆಂದು ಮೊದಲೇ ಬರೆದಿಡಿ

ಹೆಸರು ಹಿಡಿದು ಹೇಳಿದ ಮಾತನ್ನು ಕತ್ತರಿಸಿ ಬೇರೆಡೆ ಅಂಟಿಸುವುದು ಬಹಳ ಸುಲಭ. 2018ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಬ್ರೆಟ್ ಫಾರ್ವ್ ಸೇರಿದಂತೆ ಕೆಲವು ಪ್ರಸಿದ್ಧರು ಕ್ಯಾಮಿಯೊದಲ್ಲಿ ಬಂದ ಕೋರಿಕೆಯನ್ನು ಇದ್ದಂತೆಯೇ ಓದಿದರು. ಅದರಲ್ಲಿ ಯೆಹೂದಿ ದ್ವೇಷದ ಸಂಕೇತಗಳು ಅಡಗಿದ್ದವೆಂದು ಆಮೇಲೆ ತಿಳಿಯಿತು. 2023ರಲ್ಲಿ ನಟ ಎಲೈಜಾ ವುಡ್, ಬಾಕ್ಸರ್ ಮೈಕ್ ಟೈಸನ್ ಮುಂತಾದವರು ‘ವ್ಲಾಡಿಮಿರ್’ ಎಂಬ ಯಾರಿಗೋ ವ್ಯಸನಮುಕ್ತಿಯ ನೆರವು ಪಡೆಯಿರಿ ಎಂದು ಹೇಳಿದ ಸಂದೇಶಗಳು ಉಕ್ರೇನ್ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿಯವರನ್ನು ಹೀಯಾಳಿಸುವ ಪ್ರಚಾರಕ್ಕೆ ಬಳಕೆಯಾದವು, ಮೈಕ್ರೊಸಾಫ್ಟ್ ಇದನ್ನು ಬಯಲಿಗೆಳೆಯಿತು. ಅರ್ಥವಾಗದ ಪದ, ಕಾರಣವಿಲ್ಲದ ಘೋಷಣೆ, ಅನುಮಾನ ಹುಟ್ಟಿಸುವ ಅಡ್ಡಹೆಸರು ಇದ್ದ ಕೋರಿಕೆಯನ್ನು ಹಾಗೆಯೇ ಓದಬೇಡಿ. ನಮ್ಮಲ್ಲಿ ಇದರ ರೂಪ ಜಾತಿಯ ನಿಂದನೆ, ಸ್ಟಾರ್ ಅಭಿಮಾನಿ ಬಣಗಳ ಜಗಳ, ಸ್ಥಳೀಯ ಚುನಾವಣೆಯ ‘ಅಣ್ಣನಿಗೆ ಶುಭವಾಗಲಿ’. ಹುಟ್ಟುಹಬ್ಬದ ಅಣ್ಣ ಯಾರು, ಎಲ್ಲಿ ಸ್ಪರ್ಧಿಸುತ್ತಿದ್ದಾರೆ ಎಂದು ಒಮ್ಮೆ ಹುಡುಕಿ ನೋಡಿದರೆ ತಿಳಿಯುತ್ತದೆ.

ಇನ್ನೂ ಹೆಚ್ಚು ಸಲ ಎದುರಾಗುವುದು ಶುಭಾಶಯದ ವೇಷದ ಜಾಹೀರಾತು. ‘ನಮ್ಮ ಓನರ್‌ಗೆ ವಿಶ್ ಮಾಡಿ, ಅಂಗಡಿ ಹೆಸರು ಎರಡು ಸಲ ಹೇಳಿ’ ಎಂದರೆ ಅದು ಶುಭಾಶಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಹಣ ಪಡೆದ ಪ್ರಚಾರವನ್ನು ಪ್ರಚಾರವೆಂದೇ ತೋರಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸಾಮಾಜಿಕ ಜಾಲತಾಣದ ಪ್ರಭಾವಿಗಳಿಗೆ (ಇನ್‌ಫ್ಲುಯೆನ್ಸರ್‌ಗಳಿಗೆ) ಮಾರ್ಗಸೂಚಿ ಕೊಟ್ಟಿದೆ. ಅಮೆರಿಕದಲ್ಲಿ ಕಂಪನಿಗಳಿಗಾಗಿ ಮಾಡಿದ ವಿಡಿಯೊಗಳಲ್ಲಿ ಹಣ ಪಡೆದದ್ದನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲವೆಂದು ಕ್ಯಾಮಿಯೊ ಕೂಡ 2024ರಲ್ಲಿ 30 ರಾಜ್ಯಗಳೊಂದಿಗೆ ರಾಜಿ ಮಾಡಿಕೊಳ್ಳಬೇಕಾಯಿತು. ವ್ಯಾಪಾರಿ ಆರ್ಡರ್‌ಗಳಿಗೆ ಎಷ್ಟು ತಿಂಗಳು, ಯಾವ ಮಾಧ್ಯಮದಲ್ಲಿ ಬಳಸಬಹುದೆಂದು ಬರೆದ ಪ್ರತ್ಯೇಕ ಪತ್ರ ಇರಲೇಬೇಕು. ಹಣ ಕಟ್ಟಿ ಆಡುವ ಆ್ಯಪ್‌ಗಳ ಹೆಸರನ್ನಂತೂ ಯಾವ ಶುಭಾಶಯದಲ್ಲೂ ಉಚ್ಚರಿಸಬೇಡಿ: 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಆಟಗಳ ಜಾಹೀರಾತನ್ನೇ ನಿಷೇಧಿಸಿದೆ, ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷದವರೆಗೆ ದಂಡದ ಅವಕಾಶವಿದೆ.

ಇನ್ನೊಂದು ಬಗೆಯ ಕೋರಿಕೆ ಮನಸ್ಸಿಗೆ ಸಂಬಂಧಿಸಿದ್ದು. ಬಿಟ್ಟುಹೋದ ಹುಡುಗಿಗೆ ‘ಇವನನ್ನು ಕ್ಷಮಿಸು’ ಎಂದು ಹೇಳಿಸುವುದು, ಸಹೋದ್ಯೋಗಿಯ ಮೈಬಣ್ಣವನ್ನೋ ತೂಕವನ್ನೋ ತಮಾಷೆ ಮಾಡಿಸುವುದು, ಮಗುವನ್ನು ಓದದಿದ್ದಕ್ಕೆ ಬೈಯಿಸುವುದು. ಗಿರಾಕಿಗೆ ತಮಾಷೆಯಾದದ್ದು ನೋಡುವವರಿಗೆ ಅವಮಾನವಾಗಬಹುದು. ‘ಈ ಆರ್ಡರನ್ನು ಮಾಡಲಾಗುತ್ತಿಲ್ಲ, ಹಣ ವಾಪಸು ಕಳಿಸಲಾಗಿದೆ’ ಎಂಬ ಒಂದೇ ಸಾಲು ಸಾಕು, ಕಾರಣ ವಿವರಿಸುತ್ತಾ ಕೂತರೆ ವಾದ ಬೆಳೆಯುತ್ತದೆ.

ನಿಯಮ ಪತ್ರದಲ್ಲಿ ಇನ್ನೆರಡು ಸಾಲು ಸೇರಿಸಿ: ವಿಡಿಯೊ ವೈಯಕ್ತಿಕ ಬಳಕೆಗೆ ಮಾತ್ರ, ಮತ್ತು ಮುಖ, ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವಂತಿಲ್ಲ. ನಟ ಅನಿಲ್ ಕಪೂರ್ ಅವರ ಹೆಸರು, ಚಿತ್ರ, ಧ್ವನಿಯ ದುರ್ಬಳಕೆಯನ್ನು ದೆಹಲಿ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ತಡೆದಿದೆ. ಅಷ್ಟು ದೊಡ್ಡ ಹೆಸರಿಲ್ಲದವರಿಗೆ ಬರಹದಲ್ಲಿರುವ ಷರತ್ತೇ ಮೊದಲ ಆಸರೆ.

ಹಂತ 9: ಲೆಕ್ಕ ಇಡಿ

ಈ ಹಣ ಉಡುಗೊರೆಯಲ್ಲ, ಆದಾಯ. ಯುಪಿಐ ಮೂಲಕ ಚಿಲ್ಲರೆಯಾಗಿ ಬಂದರೂ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಬೇಕು. ಇದಕ್ಕಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದರೆ ವರ್ಷದ ಕೊನೆಯ ಗೊಂದಲ ತಪ್ಪುತ್ತದೆ. ಕಡಿತಗಳೆಲ್ಲ ಕಳೆದು ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕಾಗುತ್ತದೆ. ವೇದಿಕೆ ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದಿದ್ದರೆ ಅದು ನಿಮ್ಮ ಪ್ಯಾನ್‌ಗೆ ಸೇರಿದೆಯೇ ಎಂದು ಇಲಾಖೆಯ ಜಾಲತಾಣದಲ್ಲಿ ನೋಡಿ. ಮೈಕ್, ದೀಪ, ಟ್ರೈಪಾಡ್, ಪೇಮೆಂಟ್ ಶುಲ್ಕಗಳ ರಸೀದಿಗಳನ್ನು ಫೋಟೊ ತೆಗೆದಿಟ್ಟುಕೊಳ್ಳಿ.

ಕರ್ನಾಟಕದಲ್ಲಿ ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ವಿಡಿಯೊಗಳಿಂದಲೇ ಯಾರೂ ಆ ಮಿತಿ ಮುಟ್ಟಲಿಕ್ಕಿಲ್ಲ ಎಂದು ನಿರ್ಲಕ್ಷಿಸುವಂತಿಲ್ಲ, ಏಕೆಂದರೆ ಲೆಕ್ಕಕ್ಕೆ ಬರುವುದು ಬ್ರ್ಯಾಂಡ್ ಪ್ರಚಾರ, ವೇದಿಕೆ ಕಾರ್ಯಕ್ರಮ, ಉದ್ಘಾಟನೆ ಎಲ್ಲ ಸೇರಿದ ಒಟ್ಟು ವಹಿವಾಟು. ನೋಂದಣಿ ಆದವರು ದೇಶದೊಳಗಿನ ಆರ್ಡರ್‌ಗೆ ಶೇ 18 ತೆರಿಗೆ ಸೇರಿಸಬೇಕು. ಹೊರದೇಶದ ಗಿರಾಕಿಗೆ ಮಾಡಿ ವಿದೇಶಿ ವಿನಿಮಯದಲ್ಲಿ ಹಣ ಪಡೆದದ್ದು ರಫ್ತಿನ ಷರತ್ತುಗಳಿಗೆ ಹೊಂದಿದರೆ, ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷವೂ ಮೊದಲೇ ಸಲ್ಲಿಸಿ ತೆರಿಗೆಯಿಲ್ಲದೆ ಕೊಡಬಹುದು. ಬ್ಯಾಂಕ್ ಅಥವಾ ಪೇಪಾಲ್ ಕೊಡುವ ವಿದೇಶಿ ಹಣ ಸ್ವೀಕೃತಿಯ ಪತ್ರವನ್ನು ಆರ್ಡರ್ ಸಂಖ್ಯೆಯೊಂದಿಗೆ ಜೋಡಿಸಿಡಿ, ಲೆಕ್ಕಪರಿಶೋಧಕರು ಮೊದಲು ಕೇಳುವುದು ಅದನ್ನೇ.